ನನ್ನ ಬೈಬಲ್ ತೆರೆದುಕೊಳ್ಳುವ ಪುಟ

ಪ್ರಿಯರೇ, ಯೆಶಾಯ 43ನೇ ಅಧ್ಯಾಯ ತೆಗೀರಿ. 19ನೇ ವಚನ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಬೆಂಗಾಡಿನಲ್ಲೂ ನೀರು ಹರಿಸ್ತೀನಿ ಅಂತ ದೇವರು ಕೊಟ್ಟ ವಾಗ್ದಾನ. ಹೊಸ ವರ್ಷದ ವಾಗ್ದಾನ ಕಾರ್ಡಿನಲ್ಲಿ ಇದು ಬಂದವರು ಕೈ ಎತ್ತಿ ಅಂದ್ರೆ ಅರ್ಧ ಸಭೆ ಎತ್ತುತ್ತೆ. ಇವತ್ತು ಈ ವಚನದ ವಿಷಯದಲ್ಲಿ ನಾನೊಂದು ಅರಿಕೆ ಮಾಡಬೇಕು. ಆ ಸಹೋದರರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಬೇಡ.

ಹನೂರು ಕಡೆಯವರು. ಎರಡು ಎಕರೆ ಹೊಲ, ಮಳೆ ಬಂದ್ರೆ ರಾಗಿ, ಜೋಳ. ಇದ್ದ ಬೋರ್‌ವೆಲ್ ಬತ್ತಿತ್ತು. ಇನ್ನೊಂದು ಕೊರೆಸಲಾ, ಸಂಘದಲ್ಲಿ ಸಾಲ ಸಿಗ್ತದೆ, ಪ್ರಾರ್ಥನೆ ಮಾಡಿ ಹೇಳಿ ಅಂತ ಕೇಳಿದರು. ಪ್ರಾರ್ಥನೆ ಮಾಡಿ ಬೈಬಲ್ ತೆರೆದೆ. ಇದೇ ವಚನ ಬಂತು. ಮೈ ಜುಮ್ಮೆಂದಿತು. "ಕರ್ತನು ಮಾತಾಡಿದ್ದಾನೆ ಅಣ್ಣಾ, ಕೊರೆಸಿ" ಅಂದೆ.

ಆರುನೂರು ಅಡಿ ಹೋದರೂ ಬಂದದ್ದು ಬರೀ ಧೂಳು.

ಆ ಅಣ್ಣ ಒಂದು ಮಾತು ಆಡಲಿಲ್ಲ. ಮುಂದಿನ ಭಾನುವಾರ ಬಂದು ಹಿಂದೆ ಗೋಡೆಗೊರಗಿ ಕೂತರು. ಅಕ್ಕ ಮಾತ್ರ ಬಾಗಿಲಲ್ಲಿ ನನ್ನನ್ನ ನಿಲ್ಲಿಸಿ ಕೇಳಿದರು: "ದೇವ್ರು ಸುಳ್ ಹೇಳ್ಬುಟ್ರಾ ಪಾಸ್ಟ್ರೇ?"

ನಿಮ್ಮ ನಂಬಿಕೆ ಸಾಲದು ಅನ್ನಬಹುದಿತ್ತು. ನಾವು ಸೇವಕರು ಹಾಗೆ ಹೇಳಿ ಎಷ್ಟೋ ಸಲ ತಪ್ಪಿಸಿಕೊಂಡಿದ್ದೇವೆ. ಅವತ್ತು ಬಾಯಿ ಬರಲಿಲ್ಲ. ಮನೆಗೆ ಹೋಗಿ ಬೈಬಲ್ ಮೇಜಿನ ಮೇಲೆ ಇಟ್ಟು ಕೈ ಬಿಟ್ಟೆ. ತಾನಾಗೇ ತೆರೆದುಕೊಂಡಿತು, ಯೆಶಾಯ 43. ಇನ್ನೊಂದು ಸಲ ಬಿಟ್ಟೆ, ಅದೇ ಪುಟ. ವರ್ಷಗಟ್ಟಲೆ ಅಲ್ಲೇ ಕೆಂಪು ಗೆರೆ ಎಳೆದು, ಅಲ್ಲೇ ಬಿಡಿಸಿ ಬಿಡಿಸಿ ಹೊಲಿಗೆ ಸಡಿಲವಾಗಿದೆ ಪ್ರಿಯರೇ. ನಾನು ದೇವರ ಸ್ವರ ಅಂದುಕೊಂಡದ್ದು ನನ್ನ ಬೆರಳಿನ ಅಭ್ಯಾಸ.

ಆ ಮಾತು ಬಂದದ್ದು ಯಾರಿಗೆ? ಬಾಬೆಲಿಗೆ ಸೆರೆಹೋದ ಜನಕ್ಕೆ, ಊರಿಗೆ ಕರೆತರ್ತೀನಿ ಅಂತ. ದೇವರು ಅದನ್ನ ನಡೆಸಿದರು. ಹನೂರಿನ ಬೋರ್‌ವೆಲ್ ಬಗ್ಗೆ ಆತನು ಏನೂ ಹೇಳಿರಲಿಲ್ಲ. ಹೇಳಿದವನು ನಾನು. ಯೆರೆಮೀಯ 28ರಲ್ಲಿ ಹನನ್ಯ ಇದ್ದಾನಲ್ಲ, ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗ್ತದೆ ಅಂತ ದೇವರ ಹೆಸರಲ್ಲೇ ಹೇಳಿದ. ಜನಕ್ಕೆ ಖುಷಿ. ಯೆರೆಮೀಯ ಬರೆದ ಕಾಗದದಲ್ಲಿದ್ದದ್ದು 70 ವರ್ಷ. ಮನೆ ಕಟ್ಟಿ, ತೋಟ ಹಾಕಿ, ಆ ಪರದೇಶದ ಪಟ್ಟಣಕ್ಕಾಗಿ ಪ್ರಾರ್ಥನೆ ಮಾಡಿ ಅಂತ. ನಾವು ಗೋಡೆಗೆ ತೂಗುಹಾಕೋ 29:11 ಇರೋದು ಅದೇ ಕಾಗದದಲ್ಲಿ, ಆ 70 ವರ್ಷದ ಮಾತಿನ ಮರುವಚನದಲ್ಲೇ. ಇಷ್ಟು ವರ್ಷ ನಾನು ಹನನ್ಯನ ಥರಾ ಓದ್ತಿದ್ದೆ.

ಹಾಗಾದ್ರೆ ದೇವರು ವಾಕ್ಯದಿಂದ ನಮ್ಮ ಸಂಗಡ ಮಾತಾಡೋದೇ ಇಲ್ವಾ? ಮಾತಾಡ್ತಾರೆ. ಆದರೆ ನಾನು ಹುಡುಕದೇ ಇದ್ದ ಕಡೆಯಿಂದ ಬಂದದ್ದೇ ಹೆಚ್ಚು. ಯಾಜಕಕಾಂಡ ವರಸೆಯಾಗಿ ಓದ್ತಿದ್ದಾಗ 19:13 ಬಂತು, ಕೂಲಿಯವನ ಕೂಲಿ ರಾತ್ರಿಯೆಲ್ಲಾ ನಿನ್ನ ಹತ್ತಿರ ಇರಬಾರದು ಅಂತ. ಸಭೆಗೆ ಬಣ್ಣ ಬಳಿದ ಹುಡುಗನಿಗೆ ಹದಿನೈದು ದಿನದಿಂದ ನಾಳೆ ನಾಳೆ ಅಂತಿದ್ದೆ. ಮೈ ಜುಮ್ಮೆನ್ನಲಿಲ್ಲ, ನಾಚಿಕೆ ಆಯ್ತು. ಕೊಳ್ಳೇಗಾಲಕ್ಕೆ ಹೋಗಿ ಕೊಟ್ಟುಬಂದೆ. ಈ ವಚನ ಯಾವ ಕ್ಯಾಲೆಂಡರಿನಲ್ಲೂ ನಾನು ಕಂಡಿಲ್ಲ!

ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿದ್ದು 1831ರಲ್ಲಿ. ಇಪ್ಪತ್ತು ವರ್ಷ ದುಡಿದು ಪೂರ್ತಿ ಪುಸ್ತಕ ಕೊಟ್ಟರು, ನಾವು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ನೋಡಿ ಆಮೆನ್ ಒತ್ತುತ್ತೇವೆ. ಬೆರೋಯದವರು ಪೌಲನ ಮಾತನ್ನೇ ದಿನಾ ಶಾಸ್ತ್ರದಲ್ಲಿ ಪರಿಶೀಲಿಸಿದರು. ನಾನು ಪೌಲನಲ್ಲ. ನಾಳೆ ನಾನು "ಕರ್ತನು ಹೇಳಿದ್ದಾನೆ" ಅಂದ್ರೆ, ಎಲ್ಲಿ, ಯಾರಿಗೆ ಅಂತ ಕೇಳಿ. ಅದು ಅವಿಶ್ವಾಸ ಅಲ್ಲ.

ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಸಾಲದ ಕಂತಿನಲ್ಲಿ ನನ್ನ ಪಾಲು ನಾನು ಕಟ್ತಿದ್ದೀನಿ. ಮಂಗಳವಾರ ಅವರ ಮನೆಯಲ್ಲೇ ಕೂಟ, ಯೆಶಾಯ 40ರಿಂದ ವಾರಕ್ಕೊಂದು ಅಧ್ಯಾಯ. ಓದೋದು ಆ ಅಣ್ಣನೇ. 43 ಬಂದ ದಿನ 19ನೇ ವಚನದಲ್ಲಿ ಸ್ವಲ್ಪ ನಿಂತರು. ಅಕ್ಕ ತಲೆ ತಗ್ಗಿಸಿದರು. ಅವರು ಮುಂದೆ ಓದಿದರು. 22ರಲ್ಲಿ ದೇವರೇ ದೂರು ಹೇಳ್ತಾರೆ, ಯಾಕೋಬೇ ನೀನು ನನ್ನನ್ನ ಕರೆಯಲೇ ಇಲ್ಲ ಅಂತ. ಆ ಪುಟದಲ್ಲಿ ಅಷ್ಟು ಗೆರೆ ಎಳೆದವನು ನಾನು, ಅದಕ್ಕೆ ಗೆರೆ ಇರಲಿಲ್ಲ. "ಇದೂ ಇಲ್ಲೇ ಇತ್ತಾ?" ಅಂದರು ಅಣ್ಣ.

ಬರೋ ಮಂಗಳವಾರ 44. ಯಳಂದೂರಿನಿಂದ ಬರೋರು ಕೊನೇ ಬಸ್ ನೋಡ್ಕೊಂಡು ಬನ್ನಿ.