ಮಸೀದಿಯ ದಾರಿಯಲ್ಲಿ ನಮ್ಮ ಹೆಜ್ಜೆಗಳು



ಶುಕ್ರವಾರ ಜುಮಾ ಮುಗಿದ ಹೊತ್ತಿಗೆ ನಿಮ್ಮ ಮೊಹಲ್ಲಾದ ಮಸೀದಿಯ ಗೇಟಿನ ಬಳಿ ಒಮ್ಮೆ ನಿಂತು ನೋಡಿರಿ. ಸ್ಕೂಟರ್, ಬೈಕ್‌ಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ದೂರದ ಅಂಗಡಿಯಿಂದ, ಕಚೇರಿಯಿಂದ ಬಂದವರ ಮಾತು ಬೇರೆ. ಆದರೆ ಎಷ್ಟೋ ಗಾಡಿಗಳು ಎರಡು ಗಲ್ಲಿಗಳ ಆಚೆಯಿಂದ ಬಂದವುಗಳಾಗಿರುತ್ತವೆ. ಗಾಡಿ ಹೊರತೆಗೆದು, ಇಲ್ಲಿಗೆ ಬಂದು ಜಾಗ ಹುಡುಕಿ ನಿಲ್ಲಿಸುವಷ್ಟರಲ್ಲಿ ನಡೆದೇ ತಲುಪಬಹುದಾದ ದೂರವದು.

ಮದೀನಾದಲ್ಲಿ ಒಬ್ಬ ಅನ್ಸಾರಿ ಸಹಾಬಿ ಇದ್ದರು. ಮಸೀದಿಗೆ ಅವರ ಮನೆಗಿಂತ ದೂರವಾದ ಮನೆ ಹಝ್ರತ್ ಉಬೈ ಬಿನ್ ಕಅಬ್(ರ)ರಿಗೆ ತಿಳಿದಂತೆ ಬೇರೊಂದಿರಲಿಲ್ಲ. ಆದರೂ ಅವರಿಗೆ ಒಂದು ನಮಾಝ್ ಕೂಡಾ ತಪ್ಪುತ್ತಿರಲಿಲ್ಲ. ಕತ್ತಲಲ್ಲಿ, ಸುಡುಬಿಸಿಲಲ್ಲಿ ಸವಾರಿಗೆಂದು ಒಂದು ಕತ್ತೆಯನ್ನಾದರೂ ಕೊಂಡುಕೊಳ್ಳಬಾರದೇ ಎಂದು ಅವರಿಗೆ ಸಲಹೆ ಬಂತು. ಮಸೀದಿಯ ಪಕ್ಕದಲ್ಲೇ ಮನೆ ಸಿಕ್ಕರೂ ತನಗೆ ಸಂತೋಷವಾಗದು, ಹೋಗುವಾಗಿನ ನಡಿಗೆಯೂ ಮನೆಗೆ ಮರಳುವಾಗಿನ ನಡಿಗೆಯೂ ತನ್ನ ಲೆಕ್ಕದಲ್ಲಿ ಬರೆಯಲ್ಪಡಬೇಕೆಂಬುದೇ ತನ್ನ ಆಸೆ ಎಂದು ಅವರು ಉತ್ತರಿಸಿದರು. ಅಲ್ಲಾಹನು ಅವೆಲ್ಲವನ್ನೂ ಅವರಿಗೆ ಒಟ್ಟುಗೂಡಿಸಿ ಕೊಟ್ಟಿದ್ದಾನೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಘಟನೆಯಿದು.

ಆ ಸಹಾಬಿ ಮೈ ಇಳಿಸಲೆಂದು ನಡೆದವರಲ್ಲ. ಅವರ ದೃಷ್ಟಿ ಪರಲೋಕದ ಪ್ರತಿಫಲದ ಮೇಲಿತ್ತು. ಆದರೆ ಹೆಜ್ಜೆಗೆ ಪ್ರತಿಫಲವಿಟ್ಟ ಪ್ರಭುವೇ ಈ ಶರೀರವನ್ನೂ ಸೃಷ್ಟಿಸಿದವನು. ನಡೆಯುವುದಕ್ಕಾಗಿ ಕೊಟ್ಟ ಕಾಲುಗಳನ್ನು ಮಡಚಿಟ್ಟುಕೊಂಡರೆ ಏನಾಗುತ್ತದೆಂಬುದನ್ನು ನಾವೀಗ ನಮ್ಮ ಮನೆಗಳಲ್ಲೇ ಕಾಣುತ್ತಿದ್ದೇವೆ.

ವೈದ್ಯ ವಿಜ್ಞಾನ ಇದನ್ನು ಒಂದು ಬಸ್ಸಿನೊಳಗೇ ಕಂಡುಕೊಂಡಿತು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕುಳಿತಿರುತ್ತಿದ್ದ. ಕಂಡಕ್ಟರ್ ಟಿಕೆಟು ಕೊಡುತ್ತಾ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಒಂದೇ ಬಸ್ಸು, ಒಂದೇ ರಸ್ತೆ. ಡಾ. ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಕ್ಟರರಿಗೆ ಹೃದಯಾಘಾತ ಕಡಿಮೆಯೆಂದು ಕಂಡುಬಂತು, ಬಂದರೂ ಅದು ಡ್ರೈವರರಷ್ಟು ಮಾರಕವಾಗಿರಲಿಲ್ಲ. 1956ರಲ್ಲಿ ಅವರು ಸಮವಸ್ತ್ರದ ಅಳತೆಗಳನ್ನೇ ತೆಗೆದು ನೋಡಿದರು. ಡ್ರೈವರರ ಪ್ಯಾಂಟಿನ ಸೊಂಟ ಕಂಡಕ್ಟರರದ್ದಕ್ಕಿಂತ ದೊಡ್ಡದಾಗಿತ್ತು. ಡ್ರೈವರ್ ಕೆಲಸಕ್ಕೆ ದಪ್ಪಗಿನವರೇ ಸೇರುತ್ತಿದ್ದಿರಬಹುದಲ್ಲವೇ ಎಂದು ನೀವು ಕೇಳಬಹುದು. ಅದರಲ್ಲೂ ಸತ್ಯಾಂಶವಿದೆ. ಆದರೆ ದಪ್ಪಗಿದ್ದ ಕಂಡಕ್ಟರರಿಗೂ ದಪ್ಪಗಿದ್ದ ಡ್ರೈವರರಿಗಿಂತ ಅಪಾಯ ಕಡಿಮೆಯಿತ್ತು.

ಬ್ರಿಟನ್ನಿನಲ್ಲಿ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬಹಳ ಸಮಾಧಾನ ಕೊಡುವಂಥದ್ದು. ಸ್ವಂತ ವಾಹನದಲ್ಲಿ ಕೆಲಸಕ್ಕೆ ಹೋಗುವವರಿಗಿಂತ ನಡೆದು ಅಥವಾ ಸೈಕಲ್ ತುಳಿದು ಹೋಗುವವರ ತೂಕ ಕಡಿಮೆಯಿತ್ತು. ಬಸ್ಸು, ರೈಲು ಹಿಡಿದು ಹೋಗುವವರದ್ದೂ ಕಡಿಮೆಯೇ ಇತ್ತು. ಸರಾಸರಿ ಪುರುಷನಲ್ಲಿ ಸುಮಾರು 3 ಕಿಲೋ ವ್ಯತ್ಯಾಸ. ಬಸ್ಸಿನಲ್ಲಿ ಹೋಗುವವರು ಸ್ಟಾಪಿನವರೆಗೆ ನಡೆಯಲೇಬೇಕಲ್ಲ! ಹಾಗಾಗಿ ದೂರ ಹೋಗಬೇಕಾದವರು ನಿರಾಶರಾಗಬೇಕಾಗಿಲ್ಲ.

ನಮ್ಮ ನಾಡಿನ ಸ್ಥಿತಿ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಮಂದಿ ಮಹಿಳೆಯರು ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಪುರುಷರ ಪ್ರಮಾಣವೂ ಹೆಚ್ಚು ಕಡಿಮೆ ಅಷ್ಟೇ. 2015-16ರ ಸಮೀಕ್ಷೆಯಲ್ಲಿ ಮಹಿಳೆಯರ ಸಂಖ್ಯೆ 23ರ ಆಸುಪಾಸಿನಲ್ಲಿತ್ತು. ಊಟ ತಿಂಡಿಯ ಪಾಲು ಇದರಲ್ಲಿ ದೊಡ್ಡದು ಎಂಬುದು ನಿಜ. ಹೊಟ್ಟೆಯ ಮೂರನೇ ಒಂದು ಭಾಗವನ್ನು ಮಾತ್ರ ಆಹಾರಕ್ಕೆ ಬಿಡುವ ಪ್ರವಾದಿ(ಸ) ಬೋಧನೆಯನ್ನು ನಾವು ದಾವತ್‌ಗಳಲ್ಲಿ ಎಷ್ಟು ಪಾಲಿಸುತ್ತೇವೆಂಬುದು ಬಿರಿಯಾನಿಯ ಡೇಕ್ಸಾಗಳಿಗೇ ಗೊತ್ತು. ಆದರೆ ಇಲ್ಲಿ ಕಾಲಿನ ಮಾತಷ್ಟೇ ಸಾಕು.

ಒಂದು ಲೆಕ್ಕ ಹಾಕಿರಿ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಮನೆಯಿಂದ ಮಸೀದಿಗೆ ಹತ್ತು ನಿಮಿಷದ ನಡಿಗೆಯೆಂದಿಟ್ಟುಕೊಳ್ಳಿ. ಫಜ್ರ್ ಮತ್ತು ಇಶಾ ನಮಾಝ್‌ಗಳಿಗೆ ಮಾತ್ರ ನಡೆದು ಹೋಗಿಬಂದರೂ ದಿನಕ್ಕೆ 40, ವಾರಕ್ಕೆ 280 ನಿಮಿಷ. ನಮಾಝ್‌ಗೆ ಓಡಿ ಬರಬಾರದು, ಶಾಂತವಾಗಿ ಬರಬೇಕೆಂಬ ಆದೇಶವಿದೆಯಲ್ಲ ಎಂದರೆ, ಶಾಂತತೆಯೆಂದರೆ ಕಾಲೆಳೆಯುವುದಲ್ಲ. ಇಳಿಜಾರಿನಲ್ಲಿ ಇಳಿಯುವವರಂತೆ ಪ್ರವಾದಿವರ್ಯರು(ಸ) ಚುರುಕಾಗಿ ನಡೆಯುತ್ತಿದ್ದರೆಂದು ಅವರನ್ನು ಕಂಡವರು ವರ್ಣಿಸಿದ್ದಾರೆ.

ಸಹೋದರರೇ, ಇಷ್ಟು ಹೇಳಿದರೆ ಅರ್ಧ ಮಾತು ಮಾತ್ರ ಹೇಳಿದಂತಾಯಿತು. ನಮಗೆ ಮಸೀದಿಯ ದಾರಿಯಾದರೂ ಇದೆ. ನಮ್ಮ ಮನೆಯ ಹೆಂಗಸರಿಗೆ ಯಾವ ದಾರಿಯಿದೆ? ಮನೆಕೆಲಸವೇ ಅವರಿಗೆ ವ್ಯಾಯಾಮವೆಂಬ ಮಾತು ಬಾವಿಯಿಂದ ನೀರು ಸೇದಿ, ಕಲ್ಲಿನಲ್ಲಿ ಅರೆಯುತ್ತಿದ್ದ ಕಾಲದ್ದು. ಈಗ ನಲ್ಲಿಯಿದೆ, ಮಿಕ್ಸಿಯಿದೆ, ಅಲ್‌ಹಮ್ದುಲಿಲ್ಲಾಹ್. ಸಾಮಾನು ಗಂಡ ತರುತ್ತಾನೆ, ಮಕ್ಕಳು ಆಟೋದಲ್ಲಿ ಶಾಲೆಗೆ ಹೋಗುತ್ತಾರೆ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರ್ ನಡೆಯಿರಿ ಎಂದರೆ, ಜನ ಏನೆನ್ನುತ್ತಾರೋ ಎಂದು ಮನೆಯ ಗಂಡಸರೇ ತಡೆಯುತ್ತಾರೆ. ಹಿಜಾಬ್ ನಡಿಗೆಗೆ ಅಡ್ಡಿಯಲ್ಲ. ಅಡ್ಡಿ ಇರುವುದು ನಮ್ಮ ಮನಸ್ಸಿನಲ್ಲಿ.

ಹಝ್ರತ್ ಆಯಿಶಾ(ರ) ಒಂದು ಪ್ರಯಾಣವನ್ನು ಸ್ವತಃ ನೆನಪಿಸಿಕೊಂಡಿದ್ದಾರೆ. ಅವರು ಪ್ರವಾದಿವರ್ಯರೊಂದಿಗೆ(ಸ) ಓಟದ ಪಂದ್ಯ ನಡೆಸಿ ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡಿತು. ಆಗ ಮತ್ತೆ ಓಡಿದರು, ಈ ಸಲ ಪ್ರವಾದಿವರ್ಯರು(ಸ) ಗೆದ್ದರು. ಅಂದಿನದಕ್ಕೆ ಇದು ಬದಲಾಯಿತೆಂದು ಹೇಳಿದರು. ಅಬೂದಾವೂದ್‌ನಲ್ಲಿ ಇದು ವರದಿಯಾಗಿದೆ. ಪತ್ನಿ ದಪ್ಪಗಾದುದಕ್ಕೆ ಇಲ್ಲಿ ಚುಚ್ಚುಮಾತಿಲ್ಲ, ಉಪದೇಶವೂ ಇಲ್ಲ. ಜೊತೆಗೆ ಓಡಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಹೆಂಡತಿಯ ಜೊತೆ ಅರ್ಧ ಗಂಟೆ ನಡೆದಿದ್ದೇವೆ? ದಪ್ಪಗಿರುವವರನ್ನು ಹಾಸ್ಯ ಮಾಡುವುದರಲ್ಲಿ ಮಾತ್ರ ಹಿಂದುಳಿದಿಲ್ಲ. ಆನುವಂಶಿಕತೆಯಿಂದ, ಥೈರಾಯ್ಡ್ ತೊಂದರೆಯಿಂದ, ಔಷಧಿಗಳಿಂದಲೂ ತೂಕ ಏರುತ್ತದೆ. ಪರಿಹಾಸ್ಯವನ್ನಂತೂ ಸೂರಃ ಅಲ್ ಹುಜುರಾತ್ ಸ್ಪಷ್ಟವಾಗಿ ನಿಷೇಧಿಸಿದೆ.

ತಾಯಂದಿರನ್ನು ಉಮ್ರಾಕ್ಕೆ ಕಳುಹಿಸುವ ಮಕ್ಕಳು ಇನ್ನೊಂದು ವಿಷಯ ಯೋಚಿಸಲಿ. ಸಫಾ ಮರ್ವಾಗಳ ನಡುವಿನ ಏಳು ನಡಿಗೆ ಸೇರಿದರೆ ಸುಮಾರು 3 ಕಿಲೋಮೀಟರ್. ಅದಕ್ಕೆ ಮೊದಲು ತವಾಫ್ ಇದೆ. ಮಗುವಿನ ನೀರಿಗಾಗಿ ಅಲ್ಲಿ ಮೊದಲು ಓಡಾಡಿದ್ದು ಹಾಜರಾ(ಅ) ಎಂಬ ಒಬ್ಬ ಮಹಿಳೆ. ಹತ್ತು ವರ್ಷಗಳಿಂದ ಬೀದಿಯ ತುದಿಯವರೆಗೂ ನಡೆಯಲು ಬಿಡದ ತಾಯಿಯನ್ನು ಒಮ್ಮೆಲೇ ಅಲ್ಲಿ ನಿಲ್ಲಿಸಿದರೆ ಆ ಮಂಡಿಗಳು ಏನು ಮಾಡಬೇಕು?

ಶರೀರವನ್ನು ಯಾವುದರಲ್ಲಿ ಸವೆಸಿದೆಯೆಂದು ಅಂತ್ಯದಿನದಲ್ಲಿ ಪ್ರಶ್ನಿಸಲಾಗುವುದೆಂಬ ಹದೀಸ್ ತಿರ್ಮಿದಿಯಲ್ಲಿದೆ. ಅಮಾನತಾಗಿ ದೊರೆತ ದೇಹ ಸವೆಯುವುದು ಸಹಜ. ಕುಳಿತಲ್ಲೇ ತುಕ್ಕು ಹಿಡಿಸಿದ್ದಕ್ಕೆ ಯಾವ ಉತ್ತರವಿದೆ?

ಕಾಲು ನೋವಿರುವವರು, ವೃದ್ಧರು ವಾಹನದಲ್ಲೇ ಬರಲಿ. ಅವರನ್ನು ಕರೆತರುವವನಿಗೂ ಪಾಲಿದೆ. ದೇಹದ ಪ್ರತಿಯೊಂದು ಕೀಲೂ ದಿನದಿನವೂ ಸದಕಾ ಸಲ್ಲಿಸಬೇಕೆಂದು ತಿಳಿಸುವ ಹದೀಸಿನಲ್ಲಿ, ಒಬ್ಬನನ್ನು ಅವನ ಸವಾರಿಯ ಮೇಲೆ ಹತ್ತಿಸಲು ನೆರವಾಗುವುದನ್ನೂ ನಮಾಝ್‌ನ ಕಡೆಗೆ ಇಡುವ ಪ್ರತಿ ಹೆಜ್ಜೆಯನ್ನೂ ಸದಕಾ ಎಂದೇ ಎಣಿಸಲಾಗಿದೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದೂ ಅದೇ ಹದೀಸಿನಲ್ಲಿದೆ. ಜುಮಾದ ದಿನ ಮಸೀದಿಯ ಮುಂದೆ ಆ ವಸ್ತು ಹೆಚ್ಚಾಗಿ ನಮ್ಮದೇ ಬೈಕ್ ಆಗಿರುತ್ತದೆ. ಅದನ್ನು ಬಳಸಿ ಹೋಗಲು ಶಾಲೆಯ ಮಕ್ಕಳೂ ಮುದುಕರೂ ನಡುರಸ್ತೆಗೆ ಇಳಿಯಬೇಕಾಗುತ್ತದೆ.