ಹುಣ್ಣಿಗೆ ಹೊಣೆ ಯಾರು?

ಬೆನ್ನುಹುರಿಗೆ ಪೆಟ್ಟಾಗಿ ಪುನರ್ವಸತಿ ಕೇಂದ್ರಕ್ಕೆ ಬರುವವರಲ್ಲಿ ಹೆಚ್ಚಿನವರು ಗಂಡಸರು, ಅದರಲ್ಲೂ ದುಡಿಯುವ ಪ್ರಾಯದವರು. ಮರದಿಂದಲೋ ಕಟ್ಟಡದಿಂದಲೋ ಬಿದ್ದವರು, ರಸ್ತೆ ಅಪಘಾತಕ್ಕೆ ಸಿಕ್ಕವರು. ಬಿದ್ದವನೊಂದಿಗೆ ಮನೆಯ ಸಂಪಾದನೆಯೂ ನೆಲ ಕಚ್ಚುತ್ತದೆ.

ಎಷ್ಟೋ ಮಂದಿ ತಡವಾಗಿ, ಹಾಸಿಗೆ ಹುಣ್ಣಿನೊಂದಿಗೆ ಬರುತ್ತಾರೆ. ಬೆನ್ನು ಮುರಿದದ್ದು ಆಕಸ್ಮಿಕವಿರಬಹುದು. ಆದರೆ ಈ ಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದಿತ್ತು. ಸ್ಪರ್ಶಜ್ಞಾನವಿಲ್ಲದ ದೇಹ ಒಂದೇ ಮಗ್ಗುಲಲ್ಲಿ ಉಳಿದರೆ ಒತ್ತಡದಿಂದ ರಕ್ತಸಂಚಾರ ತಡೆದು ಮಾಂಸ ಕೊಳೆಯುತ್ತದೆ.

ಹಿಂದೆ ಇಂಥವರು ಬದುಕುವುದಿಲ್ಲವೆಂದು ವೈದ್ಯರೇ ಕೈಚೆಲ್ಲುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇವರಿಗಾಗಿ ವಿಭಾಗ ತೆರೆದ ಡಾ. ಲುಡ್ವಿಗ್ ಗುಟ್‌ಮನ್, ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದನ್ನು ಕಡ್ಡಾಯ ಮಾಡಿದರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲು ಹಿಡಿದರು. ಇಂದಿನ ಪ್ಯಾರಾಲಿಂಪಿಕ್ಸ್‌ಗೆ ಅದೇ ಮೂಲ.

ಹುಣ್ಣು ಕಂಡಾಗ ಮನೆಯವರನ್ನು ದೂರುವುದು ಸುಲಭ. ಆಸ್ಪತ್ರೆಯಿಂದ ಕಳಿಸುವಾಗ ಅವರಿಗೆ ಇದನ್ನು ಹೇಳಿಕೊಟ್ಟವರು ಯಾರು? ಹಗಲಿಡೀ ಕೂಲಿ ಮಾಡಿದ ಹೆಂಡತಿ ರಾತ್ರಿ ಎಷ್ಟು ಸಲ ಏಳಬಲ್ಲಳು? ನೋಡಲು ಹೋದ ನಾವು ನೆಂಟರು, ನೆರೆಯವರು ಮರುಗುತ್ತೇವೆ, ವಿಧಿಯನ್ನು ಹಳಿಯುತ್ತೇವೆ, ಚಹಾ ಕುಡಿದು ಏಳುತ್ತೇವೆ. 'ಇವತ್ತು ರಾತ್ರಿಯ ಸರದಿ ನನ್ನದು, ನೀನು ಮಲಗು' ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ?