ಹಡಗಿನ ಓರಣ, ದಂಡೆಯ ಜನ

ಮನೆಯೋ ಮೇಜೋ ಒಪ್ಪವಾಗಿದ್ದರೆ ಇಂಗ್ಲಿಷಿನಲ್ಲಿ ‘ಶಿಪ್‌ಶೇಪ್’ ಎನ್ನುತ್ತಾರೆ. ಹಡಗಿನಂತೆ ಓರಣವಾಗಿದೆ ಎಂದರ್ಥ. ಅದಕ್ಕೆ ‘ಬ್ರಿಸ್ಟಲ್ ಫ್ಯಾಶನ್’ ಎಂಬ ಬಾಲವೂ ಉಂಟು. ಬ್ರಿಸ್ಟಲ್ ಇಂಗ್ಲೆಂಡಿನ ಹಳೆಯ ಬಂದರು. ಅಲ್ಲಿ ಭರತ-ಇಳಿತಗಳ ನಡುವೆ ನೀರು ಹತ್ತು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. 1809ರಲ್ಲಿ ನೀರು ತಡೆದು ನಿಲ್ಲಿಸುವ ವ್ಯವಸ್ಥೆ ಆಗುವವರೆಗೆ, ಇಳಿತದ ಹೊತ್ತಿಗೆ ಹಡಗುಗಳು ಕೆಸರಿನಲ್ಲಿ ಕೂತು ವಾಲುತ್ತಿದ್ದವು. ಸರಕನ್ನು ಬಿಗಿದು ಕಟ್ಟದಿದ್ದರೆ ಎಲ್ಲವೂ ಉರುಳಿ ಹಾಳು. ಈ ಮಾತು ಹುಟ್ಟಿದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಇದೇ.

ಕಾರವಾರದ ಬೈತಖೋಲದ ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸುರುಳಿ ಸುತ್ತಿಡದ ಹಗ್ಗ ಕಾಲಿಗೆ ತೊಡರಿದರೆ ಆಳನ್ನೇ ಕಡಲಿಗೆ ಎಳೆದೊಯ್ಯುತ್ತದೆ. ದೋಣಿಯ ಓರಣ ಜೀವ ಉಳಿಸುವ ಓರಣ.

ಆದರೆ ಇದೇ ಬ್ರಿಸ್ಟಲ್ ಗುಲಾಮರ ವ್ಯಾಪಾರದಿಂದ ಕೊಬ್ಬಿದ ಊರು. ಲಿವರ್‌ಪೂಲಿನ ‘ಬ್ರೂಕ್ಸ್’ ಎಂಬ ಗುಲಾಮರ ಹಡಗಿನ ನಕ್ಷೆಯೊಂದು 1788ರಲ್ಲಿ ಅಚ್ಚಾಯಿತು. ಅದರಲ್ಲಿ ಮನುಷ್ಯರನ್ನು ಸಾಲುಸಾಲಾಗಿ, ಒಂದಂಗುಲವೂ ವ್ಯರ್ಥವಾಗದಂತೆ ಮಲಗಿಸಲಾಗಿದೆ. ಆ ವರ್ಷದ ಕಾನೂನಿನ ಪ್ರಕಾರ ಆ ಹಡಗಿನಲ್ಲಿ 454 ಜನರನ್ನು ತುಂಬಬಹುದಿತ್ತು. ಅಚ್ಚುಕಟ್ಟು ಎಂದರೆ ಅಷ್ಟು ಅಚ್ಚುಕಟ್ಟು! ಗುಲಾಮಗಿರಿಯ ವಿರೋಧಿಗಳು ಆ ನಕ್ಷೆಯನ್ನೇ ಊರೂರಿಗೆ ಹಂಚಿ ಜನರ ಮನ ಕಲಕಿದರು.

ಓರಣ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಯಾರನ್ನು ಎಲ್ಲಿಡಲಾಗಿದೆ, ಇಟ್ಟವರು ಯಾರು ಎಂದು ನಾವು ಕೇಳಬೇಕಾಗುತ್ತದೆ. ನಮ್ಮ ‘ಅಚ್ಚುಕಟ್ಟು’ ಪದಕ್ಕೆ ಕೆರೆ, ಕಾಲುವೆಯ ನೀರುಣ್ಣುವ ಜಮೀನು ಎಂಬ ಅರ್ಥವೂ ಇದೆ. ಅಲ್ಲಿಯೂ ಪ್ರಶ್ನೆ ಅದೇ: ನೀರು ಯಾರ ಗದ್ದೆಯವರೆಗೆ ಹರಿಯುತ್ತದೆ?

1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ‘ಐಎನ್‌ಎಸ್ ಕದಂಬ’ ಕಾರ್ಯಾರಂಭ ಮಾಡಿತು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಪರಿಹಾರದ ವ್ಯಾಜ್ಯಗಳು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಎಳೆದವು. ಒಳ್ಳೆಯ ಹಡಗಿನಲ್ಲಿ ಒಂದು ವಸ್ತುವನ್ನು ಎತ್ತುವ ಮುನ್ನ ಅದನ್ನಿಡುವ ಜಾಗ ಗೊತ್ತಿರುತ್ತದೆ. ಇಲ್ಲಿ ಎತ್ತಿದ್ದು ಮೊದಲು, ಜಾಗ ಹುಡುಕಿದ್ದು ಆಮೇಲೆ. ಪುನರ್ವಸತಿ ನಿವೇಶನದಲ್ಲಿ ಮನೆ ಕಟ್ಟಬಹುದು. ದೋಣಿಯನ್ನು ಎಳೆದು ನಿಲ್ಲಿಸಲು, ಬಲೆ ಹರವಲು, ಮೀನು ಒಣಗಿಸಲು ಬೇಕಾದ ದಂಡೆಯನ್ನು ನಿವೇಶನದ ಅಳತೆಯಲ್ಲಿ ಕೊಡುವುದು ಹೇಗೆ?